ಡೆಂಕಾಲಿ ಎಲ್ಲಿದೆ? ಫ್ಯಾಂಟಮ್, ಟಿನ್‌ಟಿನ್ ಮತ್ತು ಬೇರೆಯವರ ಊರು

ಹಳೇಸಂಚಿಕೆ:
ಅಪ್ಪನ ಮನೆ ಅಟ್ಟ ಖಾಲಿ ಮಾಡುವಾಗ ಇಂದ್ರಜಾಲ ಕಾಮಿಕ್ಸಿನ ಎರಡು ಕಟ್ಟು ಸಿಕ್ಕವು. ಗೆದ್ದಲು ತಿಂದದ್ದು ಬಿಟ್ಟು ನಲವತ್ತಮೂರು ಉಳಿದಿವೆ. ಮೂರು ದಿನದಿಂದ ರಾತ್ರಿ ಊಟ ಆದಮೇಲೆ ಅದೇ ಕೆಲಸ.

ಚಿಕ್ಕವನಿದ್ದಾಗ ಆ ಕಾಮಿಕ್ಸಿನ ಮುಖವಾಡದ ಹೀರೋ ಫ್ಯಾಂಟಮ್ ಇರೋ ಕಾಡಿನ ದೇಶ ಡೆಂಕಾಲಿ ಅಂದ್ರೆ ಡೆಂಕಣಿಕೋಟೆ ಹತ್ರ ಎಲ್ಲೋ ಇರಬೇಕು ಅಂದ್ಕೊಂಡಿದ್ದೆ. ನಗಬೇಡಿ. ಹೊಸೂರು ದಾಟಿದರೆ ಡೆಂಕಣಿಕೋಟೆ, ಅಲ್ಲಿ ಕಾಡಿದೆ, ಆನೆ ಇದೆ, ನಮ್ಮ ಸೋದರತ್ತೆ ಮನೆಯೂ ಇತ್ತು. ಇನ್ನೇನು ಬೇಕು? ಒಂದು ಬೇಸಿಗೆ ರಜೆಯಲ್ಲಿ ಫ್ಯಾಂಟಮ್ ವಾಸದ ಬುರುಡೆ ಗುಹೆ ಯಾವ ಕಡೆ ಅಂತ ಮಾವನ್ನ ಕೇಳಿದ್ದಕ್ಕೆ ಅವರು ಸ್ಮಶಾನದ ದಾರಿ ತೋರಿಸಿದ್ರು.

ಈಗ ಒಂದು ಇಂಗ್ಲಿಷ್ ಮರುಮುದ್ರಣ ತರಿಸಿಕೊಂಡೆ. ಅದರಲ್ಲಿ ಡೆಂಕಾಲಿಯೇ ಇಲ್ಲ! ದೇಶದ ಹೆಸರು ಬಂಗಾಲ್ಲ. ಕಡಲ್ಗಳ್ಳರು ಸಿಂಗಾಗಳಲ್ಲ, ಸಿಂಗ್‌ಗಳು. ಫ್ಯಾಂಟಮ್‌ನ ಅಪ್ಪನನ್ನ ಕೊಂದವನು ರಾಮಲು ಅಲ್ಲ, ರಾಮ. ಯಾರು ಬದಲಾಯಿಸಿದ್ದು, ಯಾಕೆ? ಗೊತ್ತಿದ್ದವರು ಹೇಳಿ.

ರದ್ದಿರಾಜ:
ಬದಲಾಯಿಸಿದ್ದು ನಮ್ಮವರೇ. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಶುರು ಮಾಡಿದಾಗ ಮೊದಲ ಸಂಚಿಕೆಯೇ ಫ್ಯಾಂಟಮ್‌ದು. ಇಲ್ಲಿ ಮಾರೋ ಪುಸ್ತಕದಲ್ಲಿ ಸಿಂಗ್ ಅನ್ನೋರೆಲ್ಲ ಕೊಲೆಗಡುಕರು, ಕೊಲೆಗಾರನ ಹೆಸರು ರಾಮ ಅಂತ ಅಚ್ಚು ಹಾಕಿದ್ರೆ ಏನಾಗುತ್ತೆ ಅಂತ ಯೋಚಿಸೋಕೆ ದೊಡ್ಡ ಬುದ್ಧಿ ಬೇಕಿಲ್ಲ. ಒಂದು ದೀರ್ಘ ಎಳೆದ್ರು, ಒಂದು 'ಲು' ಸೇರಿಸಿದ್ರು, ಕೆಲಸ ಮುಗೀತು.

ಆ ಹೆಸರುಗಳು ಅಲ್ಲಿಗೆ ಬಂದದ್ದು ಹೇಗೆ ಅನ್ನೋದೇ ಮಜಾ. ಫ್ಯಾಂಟಮ್ ಕಥೆ ಕಟ್ಟಿದ ಲೀ ಫಾಕ್ ಅಮೆರಿಕದ ಸೇಂಟ್ ಲೂಯಿಸ್‌ನವನು. 1934ರಲ್ಲಿ ಜಾದೂಗಾರ ಮಾಂಡ್ರೇಕ್, 1936ರ ಫೆಬ್ರವರಿ 17ರಂದು ಫ್ಯಾಂಟಮ್ ಶುರು ಮಾಡಿದ. ತಾನು ಜಗತ್ತು ಸುತ್ತಿದವನು, ಪೂರ್ವದ ಗುರುಗಳ ಹತ್ರ ಕಲಿತವನು ಅಂತ ಹೇಳಿಕೊಂಡು ತಿರುಗ್ತಿದ್ದ. ಆದರೆ ಆಗ ಅವನು ಹೋಗಿದ್ದ ಅತಿ ದೂರದ ಊರು ನ್ಯೂಯಾರ್ಕ್! ಹಾಗಾಗಿ ಅವನ ಕಾಡಲ್ಲಿ ಹುಲಿಯೂ ಉಂಟು, ಸಿಂಹವೂ ಉಂಟು, ಕುಳ್ಳ ಬೇಟೆಗಾರರೂ ಉಂಟು, ಸಿಂಗ್ ಕಳ್ಳರೂ ಉಂಟು. ಮೊದಮೊದಲು ಆ ದೇಶ ನಮ್ಮ ಕಡೆಯೇ ಎಲ್ಲೋ ಇತ್ತು, 'ಬೆಂಗಾಲಿ' ಅಂತಲೇ ಕರೀತಿದ್ರು. ಆಮೇಲೆ ಅದು ಮೆಲ್ಲಗೆ ಆಫ್ರಿಕಾಕ್ಕೆ ಜರುಗಿತು. ಜನ, ಕಾಡು, ಬುರುಡೆ ಗುಹೆ, ತೋಳ ಸಮೇತ. ನಿಮ್ಮ ಡೆಂಕಣಿಕೋಟೆ ಲೆಕ್ಕ ಅಷ್ಟೇನೂ ತಪ್ಪಲ್ಲ ಸಾರ್.

ಕುಳ್ಳಪ್ಪ:
ಅವನ ಕುಳ್ಳ ಬೇಟೆಗಾರರ ಹೆಸರು 'ಬಂದರ್'. ಹಿಂದೀಲಿ ಮಂಗ. ನಮಗಾದ್ರೆ ಹಡಗು ನಿಲ್ಲೋ ಜಾಗ. ವಿಷಬಾಣದವರೆಲ್ಲ ಮಂಗಳೂರು ಬಂದರಿನಲ್ಲಿ ಮೀನು ಇಳಿಸೋರು ಅಂತಲೇ ನನ್ನ ಕಲ್ಪನೆ ಇತ್ತು 😀

ಕುಡ್ಲದವಳು:
ಬಂದರಿನ ವಿಷಯ ನಮಗೆ ಬಿಡಿ ಮಾರಾಯ್ರೆ.

ನನಗೆ ಯಾವಾಗಲೂ ಕಾಡುವ ವಿಷಯ ಬೇರೆ ಉಂಟು. ಫ್ಯಾಂಟಮ್‌ಗೆ ಅವರು ಕೊಟ್ಟ ಬಿರುದು ನಡೆದಾಡುವ ಭೂತ ಅಂತ. ಅಪ್ಪ ಸತ್ತರೆ ಮಗ ಅದೇ ವೇಷ ಕಟ್ಟುತ್ತಾನೆ, ಊರಿನವರಿಗೆ ಮಾತ್ರ ಒಬ್ಬನೇ ನಾಲ್ಕು ನೂರು ವರ್ಷದಿಂದ ಇದ್ದ ಹಾಗೆ. 1536ರಲ್ಲಿ ಕಡಲ್ಗಳ್ಳರಿಂದ ತಪ್ಪಿಸಿಕೊಂಡು ದಡ ಸೇರಿದವನ ಕುಲ ಅದು. ನಾವು ತುಳುನಾಡಿನವರು ಇದನ್ನು ಓದಿದರೆ ಒಂದು ಕ್ಷಣ ಹೌದಲ್ಲ ಅನ್ನಿಸುತ್ತದೆ. ನಮ್ಮಲ್ಲಿಯೂ ವೇಷ ತಂದೆಯಿಂದ ಮಗನಿಗೆ ಬರುತ್ತದೆ, ದೈವ ಮಾತ್ರ ಅದೇ. ಎದುರು ನಿಂತು ಜಾಗದ ತಕರಾರು ಹೇಳಿದರೆ ನ್ಯಾಯ ತೀರ್ಮಾನವೂ ಆಗುತ್ತದೆ.

ಆದರೆ ನಮ್ಮಲ್ಲಿ ಕೋಲ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ಉಳಿದ ದಿನ ಊರಿನ ದೊಡ್ಡ ಜಮೀನುದಾರರಾದ ಗುತ್ತಿನ ಮನೆಯವರು ಅವರನ್ನು ಎಲ್ಲಿ ನಿಲ್ಲಿಸುತ್ತಿದ್ದರು ಅಂತ ಎಲ್ಲರಿಗೂ ಗೊತ್ತುಂಟು. ಆ ರಾತ್ರಿ ಮಾತ್ರ ಗುತ್ತಿನ ಯಜಮಾನ ಕೈಮುಗಿದು ನಿಲ್ಲಬೇಕು. ಫ್ಯಾಂಟಮ್ ಕಥೆಯಲ್ಲಿ ಇದು ತಲೆಕೆಳಗು. ಹೊರಗಿಂದ ಬಂದ ಬಿಳಿಯ ಮನೆತನ ವೇಷ ಕಟ್ಟುತ್ತದೆ, ಕಾಡಿನವರು ಇಪ್ಪತ್ತೊಂದು ತಲೆಮಾರು ಕೈಮುಗಿಯುತ್ತಾರೆ. ಒಳಗಿನ ಗುಟ್ಟು ಬಂದರ್‌ಗಳಿಗೆ ಮಾತ್ರ ಗೊತ್ತು, ಅವರು ಕಾವಲು ಕೂರುತ್ತಾರೆ. ಅವರಲ್ಲೇ ಒಬ್ಬ ಯಾಕೆ ಒಂದು ಸಲವೂ ಆ ಮುಖವಾಡ ಹಾಕಲಿಲ್ಲ?

ಸುಮ್ನೆಓದಿ:
ಶುರುವಾಯ್ತು. ಐವತ್ತು ಪೈಸೆ ಬಾಡಿಗೆ ಕೊಟ್ಟು ಓದಿದ ಪುಸ್ತಕಕ್ಕೂ ಪೋಸ್ಟ್‌ಮಾರ್ಟಮ್ ಬೇಕಾ? ನಮಗೆ ಬೇಕಿದ್ದದ್ದು ಬುರುಡೆ ಉಂಗುರದ ಗುದ್ದು. ಮಾಂಡ್ರೇಕ್ ಜೊತೆಗಿರೋ ಆಫ್ರಿಕಾದ ಲೋಥಾರ್ ಆನೆಯಂಥ ಆಸಾಮಿ, ನನ್ನ ಹೀರೋ ಅವನೇ, ಮಾಂಡ್ರೇಕ್ ಅಲ್ಲ. ಯಾವ ಹುಡುಗನೂ ಅದನ್ನ ಓದಿ ಆಫ್ರಿಕಾದವರನ್ನ ಕೀಳಾಗಿ ನೋಡಲಿಲ್ಲ. ಎಲ್ಲದರಲ್ಲೂ ಹುಳುಕು ಹುಡುಕಿದ್ರೆ ಓದೋಕೆ ಉಳಿಯೋದು ಬಸ್ ಟಿಕೆಟ್ ಮಾತ್ರ.

ರದ್ದಿರಾಜ:
ಸುಮ್ನೆಓದಿ ಅವರೇ, ನಿಮ್ಮ ಹೀರೋ ಲೋಥಾರ್ ಮೊದಲು ಹೇಗಿದ್ದ ನೋಡಿದೀರಾ? ಮೈಮೇಲೆ ಚಿರತೆ ಚರ್ಮ, ತಲೆಗೆ ತುರ್ಕಿ ಟೋಪಿ, ಬಾಯಲ್ಲಿ ಮುರುಕು ಇಂಗ್ಲಿಷ್. ಕಥೆ ಪ್ರಕಾರ ಏಳು ಕುಲಗಳ ರಾಜಕುಮಾರ. ಪಟ್ಟ ಬಿಟ್ಟು ಮಾಂಡ್ರೇಕ್ ಹಿಂದೆ ಪೆಟ್ಟಿಗೆ ಹೊರೋಕೆ ಬಂದ! 1964ರಲ್ಲಿ ಚಿತ್ರಕಾರ ಫಿಲ್ ಡೇವಿಸ್ ತೀರಿಕೊಂಡ, ಮುಂದಿನ ವರ್ಷ ಫ್ರೆಡ್ ಫ್ರೆಡರಿಕ್ಸ್ ಬಂದ. ಅವನ ಕಾಲದಲ್ಲಿ ಲೋಥಾರ್‌ಗೆ ಸರಿಯಾದ ಬಟ್ಟೆ ಬಂತು, ಸರಿಯಾದ ಇಂಗ್ಲಿಷ್ ಬಂತು. ನಾವು ಇಷ್ಟಪಟ್ಟದ್ದು ರಿಪೇರಿ ಆದಮೇಲಿನ ಲೋಥಾರ್‌ನ.

ಫ್ಯಾಂಟಮ್‌ನಲ್ಲೂ ಹಾಗೇ. ಅಮೆರಿಕದಲ್ಲಿ ಕರಿಯರ ಹಕ್ಕಿನ ಹೋರಾಟ, ಆಫ್ರಿಕಾದಲ್ಲಿ ಒಂದೊಂದೇ ದೇಶ ಸ್ವತಂತ್ರ ಆಗ್ತಿದ್ದ ಕಾಲಕ್ಕೆ ಫಾಕ್ ಡಾಕ್ಟರ್ ಲುವಾಗಾ ಅನ್ನೋ ಚುನಾಯಿತ ಅಧ್ಯಕ್ಷನನ್ನ ತಂದ. ಎದುರಿಗೆ ಜನರಲ್ ಬಬಾಬು. ಆದ್ರೂ ಕುಡ್ಲದವರ ಪ್ರಶ್ನೆ ಹಾಗೇ ಉಳೀತು: ಅಧ್ಯಕ್ಷ ಇದ್ದಾನೆ, ಸಂವಿಧಾನ ಇದೆ, ಆದರೆ ಕಾಡಿನ ಪಹರೆ ಪಡೆಗೆ ಹುಕುಂ ಬರೋದು ಇನ್ನೂ ಗುಹೆಯಿಂದಲೇ.

ಬೆಳಗಾವಿಬ್ರಸೆಲ್ಸ್:
ನಾ ಬ್ರಸೆಲ್ಸ್‌ಗೆ ಬಂದು ಹನ್ನೊಂದ ವರ್ಷ ಆತ್ರಿ. ಇಲ್ಲೆ ಕಾಮಿಕ್ಸಿನ ಪತ್ರಕರ್ತ ಹುಡುಗ ಟಿನ್‌ಟಿನ್ ಗ್ವಾಡಿ ಮ್ಯಾಲೆ, ಸ್ಟೇಷನ್‌ದಾಗ, ಚಾಕಲೇಟ್ ಡಬ್ಬಿ ಮ್ಯಾಲೆ, ಎಲ್ಲಾ ಕಡೆ ಅದಾನ. ಇವರು ಅವನ್ನ 'ತ್ಯಾಂತ್ಯಾಂ' ಅಂತಾರ. ಮೊದಲ ಸಲ ಕೇಳಿದಾಗ ಯಾರೋ ಟಾಂಟಾಂ ಹೊಡಿಯಾಕತ್ತಾರ ಅನಿಸಿತ್ತು.

'ಟಿನ್‌ಟಿನ್ ಇನ್ ದಿ ಕಾಂಗೋ' ನಾ ಇಲ್ಲೇ ಓದಿದ್ದು. ಬರದಾಂವ ಎರ್ಜೆ, ಆಗ ಇಪ್ಪತ್ತಮೂರರ ಹುಡುಗ. ಒಂದು ಕ್ಯಾಥೊಲಿಕ್ ಪತ್ರಿಕೆಯ ಮಕ್ಕಳ ಪುರವಣಿಗೆ ಚಿತ್ರ ತಗೀತಿದ್ದ. ಸೋವಿಯತ್ ಕಥಿ ಮುಗದ ಮ್ಯಾಲೆ ಟಿನ್‌ಟಿನ್‌ನ ಅಮೆರಿಕಾಕ್ಕ ಕಳಸಬೇಕಂತ ಅವನ ಆಸೆ. ಸಂಪಾದಕ ಪಾದ್ರಿ ನೊರ್ಬೆರ್ ವಾಲೆ, ಬ್ಯಾಡ, ಮೊದಲ ಕಾಂಗೋ ಅಂದ. ಬೆಲ್ಜಿಯಂ ಹುಡುಗರಿಗೆ ವಸಾಹತಿನ ಮ್ಯಾಲೆ ಮನಸ್ಸ ಬರಬೇಕಿತ್ತಲ್ಲ. 1930-31ರಾಗ ಬಂತು. ಎರ್ಜೆ ಕಾಂಗೋಕ್ಕ ಕಾಲಿಟ್ಟಿರಲಿಲ್ಲ.

ಏನೈತಿ ಅದರಾಗ? ಟಿನ್‌ಟಿನ್‌ನ ಕಾರು ಹಳಿ ಮ್ಯಾಲೆ ಸಿಗಬೀಳತದ, ರೈಲು ಬಂದು ಗುದ್ದತದ, ಬೀಳೂದು ರೈಲು! ಆಮ್ಯಾಲೆ ಊರವರಿಗೆ ಏಳ್ರಿ, ಕೆಲಸ ಮಾಡ್ರಿ ಅಂತ ಬೈಯೂದು. ಅವನ ನಾಯಿ ಸುದ್ದಾ ಬೈತದ! ಸಾಲ್ಯಾಗ ನಿಂತು ಕಾಂಗೋದ ಹುಡುಗರಿಗೆ ಇವತ್ತು ನಿಮ್ಮ ದೇಶ ಬೆಲ್ಜಿಯಂ ಬಗ್ಗೆ ಹೇಳತೀನಿ ಅಂತ ಪಾಠ ಶುರು ಮಾಡತಾನ. ಕಡೀಕ ಊರವರು ಅವಂದೂ ನಾಯೀದೂ ಮೂರ್ತಿ ಮಾಡಿ ಪೂಜಿ ಮಾಡತಾರ. 1946ರಾಗ ಬಣ್ಣದ ಆವೃತ್ತಿಗೆ ಮತ್ತ ಬರದಾಗ ಆ ಪಾಠ ತಗದು ಎರಡೂ ಎರಡೂ ಕೂಡಿಸ್ರಿ ಅನ್ನೂ ಲೆಕ್ಕದ ಪಾಠ ಹಾಕಿದ. ಮಾಸ್ತರ್ ಮಾತ್ರ ಅವನ!

ಟೆರ್ವುರೆನ್ ಅಂತ ಊರೈತಿ, ಟ್ರಾಮ್ ಹತ್ತಿದ್ರ ಮುಟ್ಟತೈತಿ. ಅಲ್ಲಿ ಆಫ್ರಿಕಾ ಮ್ಯೂಸಿಯಂ. ಕಾಮಿಕ್ಸಿನ ಚಿರತೆ ಮನುಷ್ಯಾ ಅಲ್ಲಿನ ಒಂದು ಗೊಂಬಿ ನೋಡಿ ಬರದದ್ದು. ಅಂದ್ರ ಎರ್ಜೆ ನೋಡಿದ ಕಾಂಗೋ ಈ ಮ್ಯೂಸಿಯಂ. 1885ರಿಂದ 1908ರ ತನಕ ಕಾಂಗೋ ದೇಶಾನ ರಾಜಾ ಎರಡನೇ ಲಿಯೋಪೋಲ್ಡ್‌ನ ಸ್ವಂತ ಆಸ್ತಿ ಇತ್ತು, ನಮ್ಮಲ್ಲಿ ಇನಾಂ ಜಮೀನು ಇರತಿತ್ತಲ್ಲ ಹಂಗ. ರಬ್ಬರಿನ ಸಲುವಾಗಿ ಕೈ ಕಡದ ಕಾಲ. 1897ರ ಪ್ರದರ್ಶನಕ್ಕ ಇದೇ ಟೆರ್ವುರೆನ್‌ಗೆ 267 ಕಾಂಗೋ ಮಂದೀನ ತಂದು ಬಯಲಾಗ ಹಳ್ಳಿ ಕಟ್ಟಿಸಿ ನೋಡಾಕ ಇಟ್ಟಿದ್ರು. ಏಳ ಮಂದಿ ಇಲ್ಲೇ ಸತ್ರು. ಚರ್ಚಿನ ಬಾಜೂಕ ಅವರ ಗೋರಿ ಅದಾವು. ಆ ಚಿರತೆ ಮನುಷ್ಯಾ ಈಗ ಮುಖ್ಯ ಸಾಲಿನ್ಯಾಗ ಇಲ್ಲ. 2018ರಾಗ ಮ್ಯೂಸಿಯಂ ಮತ್ತ ತೆರದ ಮ್ಯಾಲೆ, ಹಿಂದಕ ಇಟ್ಟ ಉಳಿದ ಮೂರ್ತಿಗಳ ಜೋಡಿ ಒಂದ ಖೋಲ್ಯಾಗ ಕುಂತಾನ. ನಾ ಹೋದ ದಿನ ಒಂದು ಸಾಲಿ ಹುಡುಗರ ಗುಂಪು ಬಂದಿತ್ತು. ಒಬ್ಬ 'ತ್ಯಾಂತ್ಯಾಂ!' ಅಂತ ಕುಣದ. ಬಾಜೂಕಿದ್ದ ಕರಿ ಹುಡುಗಿ ಏನೂ ಅನಲಿಲ್ಲ, ಬ್ಯಾಗಿನ ಪಟ್ಟಿ ಸರಿ ಮಾಡಕೋತ ಮುಂದ ಹೋದಳು.

ಸುಮ್ನೆಓದಿ:
ಒಪ್ಪಿದೆ, ಕಾಂಗೋ ಪುಸ್ತಕ ಕೆಟ್ಟದ್ದು. ಆದರೆ ಅದನ್ನ ನಿಷೇಧಿಸಿ ಅಂತ ಕೋರ್ಟಿಗೆ ಹೋದವರೂ ಇದ್ರಲ್ಲ? ಅದು ಸರೀನಾ?

ಬೆಳಗಾವಿಬ್ರಸೆಲ್ಸ್:
ಹೋಗಿದ್ರು. ಬಿಯಾನ್‌ವೆನು ಎಂಬುಟು ಮೊಂಡೊಂಡೊ ಅನ್ನೂ ಕಾಂಗೋ ವಿದ್ಯಾರ್ಥಿ 2007ರಾಗ ಬ್ರಸೆಲ್ಸ್‌ನ್ಯಾಗ ದೂರು ಕೊಟ್ಟ. 2012ರಾಗ ಸೋತ, ಮೇಲ್ಮನವಿಯೂ ಹೋತು. ಆ ಕಾಲದ ಕಲ್ಪನಾ ಹಂಗಿತ್ತು, ದ್ವೇಷ ಹಚ್ಚೂ ಉದ್ದೇಶ ಇರಲಿಲ್ಲ ಅಂತ ಕೋರ್ಟು. ನಿಷೇಧ ನನಗೂ ಬ್ಯಾಡ್ರಿ. ಪುಸ್ತಕದ ಮೊದಲ ಪುಟದಾಗ ಒಂದು ಟಿಪ್ಪಣಿ ಹಾಕೂದಕ್ಕ ಏನ ಅಡ್ಡಿ? ಇಂಗ್ಲಿಷಿನ ಬಣ್ಣದ ಆವೃತ್ತಿ 2005ರಾಗ ಬಂದಾಗ ಎಚ್ಚರಿಕೆ ಪಟ್ಟಿ ಸುತ್ತಿ ಮಾರಿದ್ರು, ಆಕಾಶ ಕಳಚಿ ಬೀಳಲಿಲ್ಲ. ಇನ್ನೊಂದು: ಕಾಂಗೋದ ರಾಜಧಾನಿ ಕಿನ್ಶಾಸಾದಾಗ ಕಟಗೀಲೆ ಟಿನ್‌ಟಿನ್ ಗೊಂಬಿ ಕೆತ್ತಿ ಮಾರತಾರ. ನಗಬೇಕೋ ಅಳಬೇಕೋ ನೀವ ಹೇಳ್ರಿ.

ಡ್ರಾಯಿಂಗ್‌ಮೇಷ್ಟ್ರು:
ಮೂವತ್ತು ವರ್ಷ ಹೈಸ್ಕೂಲಲ್ಲಿ ಚಿತ್ರಕಲೆ ಹೇಳಿಕೊಟ್ಟವನು, ಹಾಗಾಗಿ ಗೆರೆಯ ಬಗ್ಗೆ ಮಾತ್ರ ಹೇಳ್ತೀನಿ. ಅದೇ ಎರ್ಜೆಯ 'ದಿ ಬ್ಲೂ ಲೋಟಸ್' ತೆಗೆದು ನೋಡಿ. ಕಾಂಗೋಗೂ ಇದಕ್ಕೂ ನಡುವೆ ನಾಲ್ಕೇ ವರ್ಷ. ಒಬ್ಬನೇ ಬರೆದದ್ದು ಅಂತ ನಂಬೋಕಾಗಲ್ಲ.

ಆಗಿದ್ದು ಇಷ್ಟು. 1934ರಲ್ಲಿ ಟಿನ್‌ಟಿನ್‌ನ ಮುಂದಿನ ಪ್ರಯಾಣ ಚೀನಾಕ್ಕೆ ಅಂತ ಪ್ರಕಟಣೆ ಬಂತು. ಚೀನಾದವರನ್ನ ಜಡೆ ಬಿಟ್ಟ ರಾಕ್ಷಸರ ಹಾಗೆ ಬರೀಬೇಡಪ್ಪ ಅಂತ ಲೂವೆನ್ ವಿಶ್ವವಿದ್ಯಾಲಯದಲ್ಲಿ ಚೀನೀ ವಿದ್ಯಾರ್ಥಿಗಳನ್ನ ನೋಡಿಕೊಳ್ತಿದ್ದ ಪಾದ್ರಿ ಗೊಸ್ಸೆ ಕಾಗದ ಬರೆದರು. ಬರೀ ಬುದ್ಧಿವಾದ ಹೇಳಿ ಬಿಡಲಿಲ್ಲ, ಬ್ರಸೆಲ್ಸ್‌ನಲ್ಲಿ ಶಿಲ್ಪಕಲೆ ಓದುತ್ತಿದ್ದ ಝಾಂಗ್ ಚೊಂಗ್ರೆನ್ ಅನ್ನೋ ಹುಡುಗನ್ನ ಪರಿಚಯ ಮಾಡಿಸಿದರು. ಎರ್ಜೆಗೂ ಅವನಿಗೂ ಒಂದೇ ವಯಸ್ಸು. ಕುಂಚ ಹಿಡಿಯೋದು ಹೇಗೆ, ಮರ ಬರೀಬೇಕಾದ್ರೆ ಮರವನ್ನ ಹೇಗೆ ನೋಡಬೇಕು, ಎಲ್ಲ ಅವನಿಂದ ಕಲಿತ. ಪುಸ್ತಕದಲ್ಲಿ ಶಾಂಘೈ ಗೋಡೆ ಮೇಲಿರೋ ಚೀನೀ ಅಕ್ಷರ ಸುಮ್ಮನೆ ಗೀಚಿದ್ದಲ್ಲ. ಸಾಮ್ರಾಜ್ಯಶಾಹಿಗೆ ಧಿಕ್ಕಾರ, ಜಪಾನಿ ಮಾಲು ಬಹಿಷ್ಕರಿಸಿ ಅಂತ ಝಾಂಗ್ ಬರೆದ ನಿಜವಾದ ಘೋಷಣೆಗಳು. ಬೆಲ್ಜಿಯಂನ ಮಕ್ಕಳಿಗೆ ಅದು ಬರೀ ಚಿತ್ತಾರ, ಓದಬಲ್ಲವನಿಗೆ ಗೋಡೆ ಮಾತಾಡುತ್ತೆ. 1931ರ ಸೆಪ್ಟೆಂಬರ್ 18ರಂದು ಮುಕ್ದೆನ್ ಬಳಿ ಜಪಾನಿನವರೇ ರೈಲು ಹಳಿಗೆ ಸಿಡಿಮದ್ದಿಟ್ಟು, ಚೀನೀಯರು ಇಟ್ಟರು ಅಂತ ಹೇಳಿ ಮಂಚೂರಿಯಾಕ್ಕೆ ನುಗ್ಗಿದರಲ್ಲ, ಅದು ಕಥೆಯೊಳಗೇ ಬರುತ್ತೆ. ಆಗಿನ ಯುರೋಪಿನ ದೊಡ್ಡ ಪತ್ರಿಕೆಗಳಲ್ಲಿ ಎಷ್ಟು ಬರೆದಿದ್ದವೋ, ಮಕ್ಕಳ ಪುರವಣಿಯಲ್ಲಿ ಬಂತು. ಜಪಾನಿ ರಾಜತಾಂತ್ರಿಕರು ದೂರು ಕೊಡೋ ಮಟ್ಟಕ್ಕೆ ಹೋಯ್ತು.

ಕಥೆಯಲ್ಲಿ ಟಿನ್‌ಟಿನ್ ನೆರೆಯಿಂದ ಎತ್ತಿದ ಹುಡುಗ ಚಾಂಗ್, ನನ್ನನ್ನ ಯಾಕೆ ಉಳಿಸಿದೆ, ಬಿಳಿಯರೆಲ್ಲ ಕೆಟ್ಟವರು ಅಂದ್ಕೊಂಡಿದ್ದೆ ಅಂತಾನೆ. ಅವನ ಅಜ್ಜ ಅಜ್ಜಿಯನ್ನ ಕೊಂದವರು ಬಿಳಿಯರು. ಟಿನ್‌ಟಿನ್, ನಮ್ಮೂರಲ್ಲೂ ನಿಮ್ಮ ಬಗ್ಗೆ ಹೀಗೇ ಅಂತ ಪಟ್ಟಿ ಕೊಡ್ತಾನೆ: ಕೊಳೆತ ಮೊಟ್ಟೆ ತಿನ್ನೋರು, ಹೆಣ್ಣುಮಕ್ಕಳ ಕಾಲು ಕಟ್ಟೋರು, ಕೂಸನ್ನ ಹೊಳೆಗೆ ಎಸೆಯೋರು. ಚಾಂಗ್ ಹೊಟ್ಟೆ ಹಿಡಿದುಕೊಂಡು ನಗ್ತಾನೆ. ಆ ಒಂದು ಪುಟವನ್ನ ನಾನು ತರಗತಿಯಲ್ಲಿ ತೋರಿಸುತ್ತಿದ್ದೆ.

ಕುಡ್ಲದವಳು:
ಚಂದ ಹೇಳಿದಿರಿ ಮೇಷ್ಟ್ರೇ. ಆದರೆ ಅದೇ ಪುಸ್ತಕದ ಜಪಾನಿಯರು? ಖಳನಾಯಕ ಮಿತ್ಸುಹಿರಾತೋನ ಹಲ್ಲು ನೋಡಿ, ಹಂದಿಯ ಮೂತಿ ಹಾಗೆ. ಒಬ್ಬರ ಮುಖ ಸರಿ ಮಾಡಿ ಇನ್ನೊಬ್ಬರ ಮುಖ ಕೆಡಿಸಿದ್ದು. ಎರ್ಜೆ ಪಕ್ಕ ಒಬ್ಬ ಚೀನೀ ಕೂತಿದ್ದ, ಜಪಾನಿ ಯಾರೂ ಕೂತಿರಲಿಲ್ಲ.

ನಮ್ಮ ಇಂದ್ರಜಾಲದ ಕಥೆಯೂ ಅಷ್ಟೇ ಅಲ್ವಾ? ಬೊಂಬಾಯಿಯಲ್ಲಿ ಕೂತವರಿಗೆ ರಾಮ ಅಂತ ಕಂಡ ಕೂಡಲೇ ಚುಚ್ಚಿತು, 'ಲು' ಸೇರಿಸಿದರು. ಅದೇ ಪುಟದ ಕುಳ್ಳರು, ನರಭಕ್ಷಕರು, ಮಂತ್ರವಾದಿಗಳು ಹೇಗಿದ್ದರೋ ಹಾಗೇ ಬಿಟ್ಟರು. ಅವರ ಪರವಾಗಿ ಕೆಂಪು ಪೆನ್ನು ಹಿಡಿಯುವವರು ಆ ಕಚೇರಿಯಲ್ಲಿ ಇರಲಿಲ್ಲ.

ಡ್ರಾಯಿಂಗ್‌ಮೇಷ್ಟ್ರು:
ಹಲ್ಲಿನ ಮಾತು ನಿಜ. ನಾನು ಮಕ್ಕಳಿಗೆ ಆ ಪುಟ ತೋರಿಸ್ತಾ ಇರಲಿಲ್ಲ. ಈಗ ಯೋಚಿಸಿದ್ರೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕಿತ್ತು.

ಹಳೇಸಂಚಿಕೆ:
ಪ್ರಶ್ನೆ ಕೇಳಿ ಮಲಗಿದೆ, ಎದ್ದು ನೋಡಿದ್ರೆ ಚೀನಾ ತನಕ ಹೋಗಿದೀರಿ. ನಮ್ಮನ್ನ ಹೇಗೆ ಬರೆದಿದ್ದಾರೆ ಅಂತಲೂ ನೋಡೋಣ. 'ಸಿಗಾರ್ಸ್ ಆಫ್ ದಿ ಫೇರೋ'ದಲ್ಲಿ ಟಿನ್‌ಟಿನ್ ಇಂಡಿಯಾದ ಕಾಡಲ್ಲಿ ಇಳಿದು ಮರದ ತುತ್ತೂರಿ ಕೆತ್ತಿ ಆನೆ ಭಾಷೆ ಕಲೀತಾನೆ. ದುಬಾರೆಯ ಮಾವುತರಿಗೆ ಹೇಳಿದ್ರೆ ಕೆಲಸಕ್ಕೆ ಇಟ್ಕೋತಾರೆ! ಮಹಾರಾಜನ ಊರು ಗೈಪಜಾಮಾ. ಮಹಾರಾಜನ ರಾಜ್ಯಕ್ಕೆ ಪೈಜಾಮದ ಹೆಸರು. ಕಣ್ಣಲ್ಲೇ ಮಂಕುಬೂದಿ ಎರಚೋ ಒಬ್ಬ ಫಕೀರ, ಹುಚ್ಚು ಹಿಡಿಸೋ ವಿಷ. ನಂಗೆ ಸಿಟ್ಟು ಬರಲಿಲ್ಲ, ನಗು ಬಂತು. ಯಾಕೆ ಅಂತ ಯೋಚಿಸ್ತಾ ಇದೀನಿ. ನಮ್ಮ ಹತ್ರ ನಮ್ಮದೇ ನೂರು ಚಿತ್ರ ಇವೆ, ಇದೊಂದು ಹೋದ್ರೆ ಹೋಯ್ತು ಅನ್ನೋ ಧೈರ್ಯ ಇರಬಹುದು.

'ಟಿನ್‌ಟಿನ್ ಇನ್ ಟಿಬೆಟ್' ಹೊತ್ತಿಗೆ ದಿಲ್ಲಿಯಲ್ಲಿ ಕುತುಬ್ ಮಿನಾರ್, ಕೆಂಪು ಕೋಟೆ ನೀಟಾಗಿ ಬಂದಿವೆ. ಆದರೆ ಟಿನ್‌ಟಿನ್ ಗೆಳೆಯ ಕ್ಯಾಪ್ಟನ್ ಹ್ಯಾಡಕ್‌ಗೆ ರಸ್ತೆಯಲ್ಲಿ ದನ ಅಡ್ಡ ಬರಲೇಬೇಕಲ್ಲ. ಅದು ಸುಳ್ಳು ಅಂತ ಹೇಗೆ ಹೇಳೋದು, ನಮ್ಮ ಬೀದೀಲಿ ಈಗಲೂ ಎರಡು ಮಲಗಿವೆ.

ಕುಳ್ಳಪ್ಪ:
ಫ್ರೆಂಚ್ ಕಾಮಿಕ್ಸಿನ ಹೀರೋ ಆಸ್ಟೆರಿಕ್ಸ್ ಇಂಡಿಯಾಕ್ಕೆ ಬಂದದ್ದು ಮರೀಬೇಡಿ, 1987ರ ಮಾಯಾ ಚಾಪೆ ಪುಸ್ತಕ. ಮಳೆ ಇಲ್ಲ, ರಾಜಕುಮಾರಿಯ ಬಲಿ ಕೊಡ್ತಾರಂತೆ, ಕರ್ಕಶ ಕಂಠದ ಹಾಡುಗಾರನ್ನ ಚಾಪೆ ಮೇಲೆ ಕೂರಿಸ್ಕೊಂಡು ಬರ್ತಾರೆ. ಅವನು ಬಾಯಿ ಬಿಟ್ರೆ ಮಳೆ. ಎಟ್ಟಯಪುರದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಅಮೃತವರ್ಷಿಣಿ ಹಾಡಿದ್ದಕ್ಕೆ ಮಳೆ ಬಂತು ಅಂತೀವಿ, ಇಲ್ಲಿ ಅಪಸ್ವರಕ್ಕೇ ಬಂತು. ನಮ್ಮ ಐತಿಹ್ಯವನ್ನ ಗೊತ್ತಿಲ್ದೇನೇ ಗೇಲಿ ಮಾಡಿದ್ದಾರೆ, ನಾನಂತೂ ಬಿದ್ದೂ ಬಿದ್ದೂ ನಕ್ಕೆ.

ಸುಮ್ನೆಓದಿ:
ಎಲ್ಲರೂ ಪರದೇಶದವರ ಮೇಲೆ ಬಿದ್ರಿ. ನಮ್ಮ ಅಮರ ಚಿತ್ರ ಕಥೆ? ಅನಂತ ಪೈ ಕಾರ್ಕಳದವರು, 1967ರಿಂದ ನಮ್ಮ ಮಕ್ಕಳಿಗೆ ಪುರಾಣ ಓದಿಸಿದವರು, ದೊಡ್ಡ ಕೆಲಸ. ಮೊದಲ ಹತ್ತು ಸಂಖ್ಯೆ ಸಿಂಡ್ರೆಲಾ ಥರದ ಪರದೇಶದ ಕಥೆಗಳು, ಹನ್ನೊಂದನೇದು ಕೃಷ್ಣ. ಅದರಲ್ಲಿ ರಾಕ್ಷಸರು ಯಾವ ಬಣ್ಣ, ಕಾಡಿನವರು ಯಾವ ಬಣ್ಣ, ರಾಜಕುಮಾರರು ಯಾವ ಬಣ್ಣ? ನೀವೇ ತೆಗೆದು ನೋಡಿ. ಫಾಕ್‌ನ ಬೈಯೋ ಮುಂಚೆ ಅದನ್ನೂ ಮಾತಾಡಿ.

ಕುಡ್ಲದವಳು:
ನೀವು ಹೇಳಿದ್ದರಲ್ಲಿ ಇದೊಂದು ನೂರಕ್ಕೆ ನೂರು ಸರಿ. ನನಗೆ ಬೇಸರ ಆಗುವುದೇ ಅಲ್ಲಿ. ಕಾರ್ಕಳದ ಆಸುಪಾಸಿನಲ್ಲಿ ಯಕ್ಷಗಾನ ನೋಡಿದ ಯಾರಿಗೂ ರಾಕ್ಷಸ ಅಂದರೆ ಬಣ್ಣದ ವೇಷ. ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಾರೆ. ರಂಗಕ್ಕೆ ಬರುವಾಗ ಆರ್ಭಟ, ದೊಂದಿ, ರಾಳದ ಬೆಂಕಿ, ಮಲಗಿದ ಮಕ್ಕಳೆಲ್ಲ ಎದ್ದು ಕೂರಬೇಕು. ರಾಮನ ಪ್ರವೇಶಕ್ಕೆ ಅಷ್ಟು ಗೌಜಿ ಇಲ್ಲ. ಅಂಥ ರಾವಣ ಕಾಮಿಕ್ಸಿಗೆ ಬರುವಾಗ ಬರೀ ಕಪ್ಪು ಮೈ, ಗಿರಿಜಾ ಮೀಸೆ ಆಗಿಬಿಟ್ಟ.

ಬೆಳಗಾವಿಬ್ರಸೆಲ್ಸ್:
ತಿದ್ದಪಡಿ ಅಂದ್ರ ಯಾವಾಗಲೂ ಚಲೋದಕ್ಕ ಅಂತ ತಿಳೀಬ್ಯಾಡ್ರಿ. 'ದಿ ಶೂಟಿಂಗ್ ಸ್ಟಾರ್' ಜರ್ಮನರು ಬೆಲ್ಜಿಯಂ ಹಿಡದಿದ್ದಾಗ, 1941-42ರಾಗ ಬಂದದ್ದು. ಖಳನಾಯಕ ಬ್ಲೂಮೆನ್‌ಸ್ಟೈನ್ ಅನ್ನೂ ಯಹೂದಿ ಸಾಹುಕಾರ, ಅವನ ಹಡಗಕ್ಕ ಅಮೆರಿಕಾ ಧ್ವಜ. ಯುದ್ಧ ಮುಗದ ಮ್ಯಾಲೆ ಹೆಸರು ಬೋಲ್‌ವಿಂಕಲ್ ಆತು, ದೇಶ ಸಾವೊ ರಿಕೊ ಆತು. ಮೂಗು ಮಾತ್ರ ಅದ! ಇನ್ನ 'ಕ್ರ್ಯಾಬ್ ವಿತ್ ದಿ ಗೋಲ್ಡನ್ ಕ್ಲಾಸ್' ಅಮೆರಿಕಾಕ್ಕ ಹೋದಾಗ ಅಲ್ಲಿನ ಪ್ರಕಾಶಕರು ಕರಿ ಮಂದೀನ ತಗದು ಬ್ಯಾರೆ ಬಣ್ಣ ಹಾಕ್ರಿ ಅಂದ್ರು. ಯಾಕ? ಕರಿಯರನ್ನ ಕೆಟ್ಟದಾಗಿ ತೋರಿಸೀರಿ ಅಂತಲ್ಲ. ಮಕ್ಕಳ ಪುಸ್ತಕದಾಗ ಕರಿಯರು ಬಿಳಿಯರು ಕೂಡಿ ಇರಬಾರದು ಅಂತ!

ರದ್ದಿರಾಜ:
ಕೊನೆಗೊಂದು, ಇದಕ್ಕೆ ನನ್ನ ಹತ್ರ ವಿವರಣೆ ಇಲ್ಲ. ಪಪುವಾ ನ್ಯೂಗಿನಿಯ ವಾಗಿ ಕಣಿವೆಯಲ್ಲಿ ಕುಲಗಳ ನಡುವೆ ಜಗಳ ಆದಾಗ ಹಿಡಿಯೋ ಆಳೆತ್ತರದ ಗುರಾಣಿ ಮೇಲೆ ಫ್ಯಾಂಟಮ್ ಚಿತ್ರ ಬರೀತಿದ್ರು. ಈಗ ಆ ಗುರಾಣಿಗಳು ಮ್ಯೂಸಿಯಂಗಳಲ್ಲಿವೆ. ಸಾವಿಲ್ಲದವನು ಅಂತಲ್ವಾ ಅವನ ಖ್ಯಾತಿ, ಬಾಣದ ಎದುರು ಹಿಡಿಯೋಕೆ ಇನ್ನೆಂಥ ಚಿತ್ರ ಬೇಕು. ಬಿಳಿಯ ಯಜಮಾನ ಗಿಜಮಾನ ಏನೂ ಇಲ್ಲ, ಮುಖವಾಡ ಕಿತ್ಕೊಂಡು ತಮ್ಮ ಕೆಲಸಕ್ಕೆ ಹಚ್ಚಿಬಿಟ್ರು. ಕುಡ್ಲದವರೇ, ಒಂದು ಸಲವಾದ್ರೂ ಯಾಕೆ ಹಾಕಲಿಲ್ಲ ಅಂತ ಕೇಳಿದ್ರಲ್ಲ.

ಕುಡ್ಲದವಳು:
ಅಬ್ಬ! ಇದು ನನಗೆ ಗೊತ್ತೇ ಇರಲಿಲ್ಲ. ಆ ಗುರಾಣಿಯ ಫೋಟೋ ಇದ್ದರೆ ಹಾಕಿ ಮಾರಾಯ್ರೆ.

ಹಳೇಸಂಚಿಕೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳಿಗೆ ಬುರುಡೆ ಗುಹೆ ಕಥೆ ಓದಿದೆ. ಓದೋವಾಗ ರಾಮಲು ಅಂತಲೇ ಓದಿದೆ, ಬಾಯಿಗೆ ಅದೇ ಬರುತ್ತೆ. ಡೆಂಕಾಲಿ ಎಲ್ಲಿದೆ ಅಂತ ಅವಳೂ ಕೇಳಿದಳು. ಮೊದಲು ಹೊಸೂರು ಹತ್ರ ಇತ್ತು, ಈಗ ಇಲ್ಲ ಅಂದೆ. ಉಳಿದದ್ದನ್ನ ಟೆರ್ವುರೆನ್ ಸಮೇತ ಭಾನುವಾರ ಹೇಳಬೇಕು, ಅಟ್ಲಾಸ್ ಹುಡುಕಿಟ್ಟಿದೀನಿ.

ಒಂದು ಉಪಕಾರ ಆಗಬೇಕು. ರಾಮಲು ಇರೋ ಸಂಚಿಕೆಯ ಕೊನೆಯ ನಾಲ್ಕು ಪುಟ ಗೆದ್ದಲು ತಿಂದಿದೆ. ಅವಳಿಗೆ ಅವನು ಏನಾದ ಅಂತ ಗೊತ್ತಾಗಬೇಕಂತೆ. ಯಾರ ಹತ್ರಾದ್ರೂ ಇದೆಯಾ?

ರದ್ದಿರಾಜ:
ಕನ್ನಡದ್ದು ನನ್ನ ಹತ್ರ ಎರಡು ಪ್ರತಿ ಇದೆ, ಒಂದಕ್ಕೆ ರಟ್ಟಿಲ್ಲ. ಅದನ್ನ ಕಳಿಸ್ತೀನಿ. ಅಂಚೆ ಖರ್ಚು ನಿಮ್ಮದು.